ಶೀಟಿಗೆ ಬರದ ಅಳಿಲುಗಳು: ಲಾಲ್‌ಬಾಗ್, ತಿಪಟೂರು ಮತ್ತು ಒಂದು ಎಂಎಸ್ಸಿ ಪ್ರಾಜೆಕ್ಟು

ಅಕ್ಕನ ಮಗಳು ಎಂಎಸ್ಸಿ ಝುವಾಲಜಿ ಕೊನೇ ವರ್ಷದಲ್ಲಿದ್ದಾಗ ಪ್ರಾಜೆಕ್ಟಿಗೆ ಅಳಿಲು ತಗೊಂಡಿದ್ಲು. ಮನುಷ್ಯ ಸೀದಾ ಅಳಿಲಿನ ಕಡೆಗೆ ನಡ್ಕೊಂಡು ಹೋದ್ರೆ ಎಷ್ಟು ದೂರದಲ್ಲಿರುವಾಗ ಅದು ಓಡುತ್ತೆ, ದಿನಾ ಸಾವಿರಾರು ಜನ ಓಡಾಡೋ ಲಾಲ್‌ಬಾಗ್ ಅಳಿಲಿಗೂ ತಿಪಟೂರು ಕಡೆ ಅವಳ ತಾತನ ತೆಂಗಿನ ತೋಟದ ಅಳಿಲಿಗೂ ಅದ್ರಲ್ಲಿ ಎಷ್ಟು ವ್ಯತ್ಯಾಸ, ಇಷ್ಟೇ ಪ್ರಶ್ನೆ. ಫೀಲ್ಡ್ ವರ್ಕ್ ಎಲ್ಲಾ ಮುಗಿಸಿ ಒಂದು ಭಾನುವಾರ ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಕೊಂಡು ಮನೆಗೆ ಬಂದು "ಮಾಮ, ವ್ಯತ್ಯಾಸಾನೇ ಬರ್ತಿಲ್ಲ, ಪಿ ವ್ಯಾಲ್ಯೂ 0.05 ಒಳಗೆ ಇಳೀತಾನೇ ಇಲ್ಲ, ಏನೋ ತಪ್ಪಾಗಿದೆ ನೋಡು" ಅಂದ್ಲು. (ವ್ಯತ್ಯಾಸ ಬರೀ ಆಕಸ್ಮಿಕ ಅಲ್ಲ ಅನ್ನೋಕೆ ಈ ನಂಬರ್ 0.05ಕ್ಕಿಂತ ಕಮ್ಮಿ ಬರ್ಬೇಕು ಅನ್ನೋದು ರೂಢಿ.) ನಾನು ಪ್ರಾಣಿಗಳ ಕಡೆಯವನಲ್ಲ, ಒಂದು ಬ್ಯಾಂಕಲ್ಲಿ ಸಾಲ ತಗೊಂಡೋರಲ್ಲಿ ಯಾರು ಕಟ್ತಾರೆ ಯಾರು ಯಾವಾಗ ಕೈ ಎತ್ತುತಾರೆ ಅಂತ ಲೆಕ್ಕ ಹಾಕೋದು ನನ್ನ ಕೆಲ್ಸ. ಅಳಿಲು ಸೇವೆ ಅನ್ನೋ ಜೋಕ್ ಮನೇಲಿ ಎಲ್ರೂ ಮಾಡಿ ಆಗಿದೆ, ಅದನ್ನ ಬಿಡಿ.

ಇಲ್ಲಿ ಬರೀತಿರೋದು ಆ ಡೇಟಾ ಏನಾಯ್ತು ಅನ್ನೋದರ ಪೂರ್ತಿ ಕತೆ, ಯಾಕಂದ್ರೆ ಇದೇ ಥರ ಹಕ್ಕಿ ಮೇಲೋ ಓತಿಕ್ಯಾತದ ಮೇಲೋ ಪ್ರಾಜೆಕ್ಟ್ ಮಾಡ್ತಿರೋ ಹುಡುಗ್ರು ಸುಮಾರು ಜನ ಇದಾರೆ, ಎಲ್ರೂ ಇದೇ ಗುಂಡೀಗೆ ಬೀಳ್ತಾರೆ ಅಂತ ನನ್ನ ಅನುಮಾನ.

ಮೊದ್ಲು ಸ್ವಲ್ಪ ಹಿನ್ನೆಲೆ. ಪ್ರಾಣಿ ಓಡೋಕೆ ಶುರು ಮಾಡಿದಾಗ ಮನುಷ್ಯನಿಗೂ ಅದಕ್ಕೂ ಮಧ್ಯೆ ಇರೋ ದೂರಕ್ಕೆ ಈ ಫೀಲ್ಡಲ್ಲಿ ಎಫ್‌ಐಡಿ (ಫ್ಲೈಟ್ ಇನಿಶಿಯೇಶನ್ ಡಿಸ್ಟೆನ್ಸ್) ಅಂತಾರೆ, ನಾನು ಓಡೋ ದೂರ ಅಂತ ಬರೀತೀನಿ. ಇಡನ್‌ಬರ್ಗ್ ಮತ್ತು ಡಿಲ್ ಅನ್ನೋರು 1986ರಲ್ಲಿ ಬರೆದಿದ್ದರ ತಿರುಳು ಏನಂದ್ರೆ, ಪ್ರಾಣಿ ಶತ್ರು ಕಂಡ ತಕ್ಷಣ ಓಡಲ್ಲ, ಕಂಡು ಎಷ್ಟೋ ಹೊತ್ತು ಸುಮ್ನೆ ಇರುತ್ತೆ, ಕೂತಿದ್ರೆ ಆಗೋ ನಷ್ಟ ಎದ್ದು ಹೋದ್ರೆ ಆಗೋ ನಷ್ಟಕ್ಕೆ ಸಮ ಆದಾಗ ಓಡುತ್ತೆ. ಕೈಲಿ ಕಡ್ಲೆಬೀಜ ಇದ್ರೆ ಎದ್ದು ಹೋಗೋದು ದುಬಾರಿ, ಮರ ದೂರ ಇದ್ರೆ ಕೂತಿರೋದು ದುಬಾರಿ. 1989ರಲ್ಲಿ ಇದೇ ಡಿಲ್ ಮತ್ತು ಹೌಟ್‌ಮನ್ ಅಮೆರಿಕದ ಬೂದು ಅಳಿಲಿನ ಕಡೆಗೆ ಮೋಟರ್ ಇರೋ ಒಂದು ಬೊಂಬೆ ಶತ್ರು ಬಿಟ್ಟು ನೋಡಿದ್ರು, ಮರದಿಂದ ದೂರ ಇರೋ ಅಳಿಲು ಬೇಗ, ಅಂದ್ರೆ ಶತ್ರು ಇನ್ನೂ ದೂರ ಇರುವಾಗ್ಲೇ, ಓಡುತ್ತೆ ಅಂತ ಸಿಕ್ತು. ಹಾಗಾಗಿ ಮರ ಎಷ್ಟು ದೂರ ಇತ್ತು ಅನ್ನೋದನ್ನ ಬರ್ಕೊಳ್ಳದೆ ಬರೀ ಓಡೋ ದೂರ ಬರ್ಕೊಂಡ್ರೆ ಉಪಯೋಗ ಇಲ್ಲ, ಇದು ಪುಟ್ಟಿಗೆ (ಮನೇಲಿ ಹಾಗೇ ಕರೆಯೋದು) ಗೊತ್ತಿತ್ತು, ಬರ್ಕೊಂಡಿದ್ಲು.

ಅಳತೆ ಮಾಡಿದ ರೀತಿ ನಂಗೆ ತುಂಬಾ ಇಷ್ಟ ಆಯ್ತು. ಮೊದಲ ವಾರ ಕಣ್ಣಳತೆಯಲ್ಲಿ ಬರ್ದಿದ್ಲು, ಆ ವಾರದ ಗ್ರಾಫ್ ಹಾಕಿದ್ರೆ 5ರಲ್ಲಿ ಒಂದು ಗೋಪುರ 10ರಲ್ಲಿ ಒಂದು ಗೋಪುರ ಮಧ್ಯೆ ಬಯಲು, ಅಂದ್ರೆ ಅಳಿಲೇನೋ ಎಲ್ಲೆಲ್ಲೋ ಓಡಿದೆ, ಬರೆಯೋ ಕೈ ಮಾತ್ರ ಐದು ಹತ್ತಕ್ಕೆ ಜಾರಿದೆ. ಆಮೇಲೆ ಅವಳೇ ಕಂಡ್ಕೊಂಡ ಉಪಾಯ ಮನೆಯ ಕೇರಂ ಪಾನು. ನಡೆಯೋಕೆ ಶುರು ಮಾಡಿದ ಜಾಗದಲ್ಲಿ ಕಪ್ಪು ಪಾನು ಬೀಳಿಸೋದು, ಅಳಿಲು ತಿನ್ನೋದು ನಿಲ್ಲಿಸಿ ತಲೆ ಎತ್ತಿದ ತಕ್ಷಣ ಬಿಳೀದು, ಓಡಿದ ತಕ್ಷಣ ರೆಡ್. ನಡಿಗೆ ನಿಲ್ಲಿಸ್ಬಾರ್ದು, ಬಗ್ಗಬಾರ್ದು, ಕೈ ಪಕ್ಕಕ್ಕೆ ಬಿಟ್ಕೊಂಡು ಬೆರಳಿಂದ ಜಾರಿಸೋದಷ್ಟೆ. ಎಲ್ಲಾ ಮುಗಿದ ಮೇಲೆ ವಾಪಸ್ ಬಂದು ಅಳಿಲು ಕೂತಿದ್ದ ಜಾಗದಿಂದ ಟೇಪ್ ಹಿಡಿದು ಮೂರು ಪಾನಿಗೂ ದೂರ, ಆಮೇಲೆ ಅದು ಹತ್ತಿದ ಮರಕ್ಕೆ ದೂರ. ಅಳಿಲು ಓಡದೇ ಇದ್ರೆ ಒಂದು ಮೀಟರ್ ಹತ್ರ ಹೋಗಿ ನಿಲ್ಲೋದು ಅಂತ ರೂಲ್. ತೋಟದಲ್ಲಿ ಇದನ್ನ ನೋಡಿದ ತಾತ "ಏನವ್ವ, ಇಣಚಿ ಜತೆ ಕೇರಂ ಆಡ್ತಿದೀಯಾ" ಅಂದ್ರಂತೆ.

ಎರಡೂ ಕಡೆ ಇರೋದು ಒಂದೇ ಜಾತಿ, ಬೆನ್ನ ಮೇಲೆ ಮೂರು ಗೆರೆ ಇರೋ ನಮ್ಮ ಮಾಮೂಲಿ ಅಳಿಲು, ಫುನಾಂಬುಲಸ್ ಪಾಲ್ಮರಮ್. ಇದು ಸಣ್ಣ ವಿಷ್ಯ ಅಲ್ಲ. ಅವಳ ಜತೆ ಓದೋ ಶಿರಸಿ ಹುಡುಗಿ ನಮ್ಮ ಅಡಿಕೆ ತೋಟಕ್ಕೇ ಬಾ ಅಂತ ಕರೆದಿದ್ಲಂತೆ, ಆದ್ರೆ ಘಟ್ಟದ ಕಡೆ ಇನ್ನೊಂದು ಪಟ್ಟೆ ಅಳಿಲಿದೆ, ಫುನಾಂಬುಲಸ್ ಟ್ರಿಸ್ಟ್ರಯಾಟಸ್, ಪಶ್ಚಿಮ ಘಟ್ಟ ಬಿಟ್ರೆ ಬೇರೆಲ್ಲೂ ಇಲ್ಲ, ದೂರದಿಂದ ನೋಡೋರಿಗೆ ಎರಡೂ ಒಂದೇ. ಅಲ್ಲಿ ಹೋಗಿದ್ರೆ ಜನ ಕಮ್ಮಿ ಇರೋದ್ರಿಂದ ಹೆದರುತ್ತೋ ಜಾತಿನೇ ಹಾಗೋ ಅಂತ ಬೇರೆ ಮಾಡೋಕೇ ಆಗ್ತಿರ್ಲಿಲ್ಲ.

ಈಗ ಶೀಟ್. ನೂರ ಚಿಲ್ಲರೆ ಸಾಲು, ನೀಟಾಗಿತ್ತು. ಸುಮ್ನೆ ಮೇಲಿಂದ ಕೆಳಗೆ ಓದ್ತಾ ಹೋದೆ (ಯಾವ ಡೇಟಾ ಬಂದ್ರೂ ಮೊದಲು ಇದನ್ನೇ ಮಾಡೋದು ನಾನು, ಗ್ರಾಫ್ ಆಮೇಲೆ). ಎಡಗಡೆ ಸೀರಿಯಲ್ ನಂಬರ್ 1, 2, 3, 6, 7, 10 ಅಂತ ಹೋಗ್ತಿದೆ. 4 ಎಲ್ಲಿ 5 ಎಲ್ಲಿ ಅಂದೆ. "ಅದು ಡಿಲೀಟ್ ಮಾಡ್ದೆ ಮಾಮ, ಅಳಿಲು ಓಡ್ಲೇ ಇಲ್ಲ, ಓಡೋ ದೂರಾನೇ ಇಲ್ವಲ್ಲ, ಏನಂತ ತುಂಬೋದು."

ನಾನು ಎದ್ದು ಹೋಗಿ ಕಾಫಿ ಮಾಡ್ಕೊಂಡು ಬಂದೆ.

ಪುಣ್ಯಕ್ಕೆ ಪುಸ್ತಕದಲ್ಲಿ ಎಲ್ಲಾ ಇತ್ತು, ಅವಳು ಕೈಬರಹದ ಪುಸ್ತಕ ಎಸೆಯೋಳಲ್ಲ. ಒಂದು ಸಾಲು ಹಾಗೇ ಹೇಳ್ತೀನಿ: ಲಾಲ್‌ಬಾಗ್, ಬೆಳಿಗ್ಗೆ, ಕಲ್ಲು ಬೆಂಚಿನ ಕೆಳಗೆ ಒಂದು ಅಳಿಲು, ಯಾರೋ ಹಾಕಿ ಹೋದ ಕಡ್ಲೆಬೀಜ ಎರಡೂ ಕೈಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ಸಿಪ್ಪೆ ಬಿಡಿಸ್ತಿದೆ, 14 ಮೀಟರಿಂದ ಶುರು ಮಾಡಿದ್ಲು, 6 ಮೀಟರಲ್ಲಿ ಒಂದ್ಸಲ ತಲೆ ಎತ್ತಿ ನೋಡ್ತು ಬಿಳಿ ಪಾನು ಬಿತ್ತು, ಮತ್ತೆ ತಲೆ ತಗ್ಗಿಸಿ ತಿನ್ನೋಕೆ ಶುರು, 1 ಮೀಟರಿಗೆ ಹೋಗಿ ನಿಂತ್ಳು, ಅದು ಓಡೋದಿರ್ಲಿ ಎರಡು ಹೆಜ್ಜೆ ಇವಳ ಕಡೆಗೇ ಬಂದು ಹಿಂಗಾಲ ಮೇಲೆ ಎದ್ದು ನಿಂತು ಕೈ ನೋಡ್ತಂತೆ, ಏನಾದ್ರೂ ಕೊಡ್ತಾಳಾ ಅಂತ. ಷರಾ ಕಾಲಮ್ಮಲ್ಲಿ ಬರ್ದಿದಾಳೆ: ಓಡಲಿಲ್ಲ, ಡೇಟಾ ಇಲ್ಲ.

ಡೇಟಾ ಇಲ್ಲ! ಇಡೀ ಪ್ರಾಜೆಕ್ಟಲ್ಲಿ ಇದಕ್ಕಿಂತ ಒಳ್ಳೆ ಡೇಟಾ ಇಲ್ಲ ಕಣೇ ಅಂದೆ.

ಬ್ಯಾಂಕಿನ ಭಾಷೇಲಿ ಹೇಳ್ತೀನಿ. ಮೂರು ವರ್ಷದಿಂದ ಸರಿಯಾಗಿ ಕಂತು ಕಟ್ತಿರೋ ಮನುಷ್ಯ ಯಾವಾಗ ಡಿಫಾಲ್ಟ್ ಆಗ್ತಾನೆ ಅಂತ ಕೇಳಿದ್ರೆ ನಂಗೂ ಉತ್ತರ ಗೊತ್ತಿಲ್ಲ, ಆದ್ರೆ ಮೂರು ವರ್ಷ ಆಗಿಲ್ಲ ಅನ್ನೋದು ಗೊತ್ತಲ್ವಾ, ಅದು ದೊಡ್ಡ ಮಾಹಿತಿ. ಉತ್ತರ ಗೊತ್ತಿಲ್ಲ ಅಂತ ಅವನನ್ನ ಶೀಟಿಂದ ಕಿತ್ತಾಕಿದ್ರೆ ಉಳಿಯೋದು ಬರೀ ಕೈ ಎತ್ತಿದೋರು, ಆಗ ಎಲ್ಲಾ ಬ್ರಾಂಚೂ ಒಂದೇ ಥರ ಹಾಳಾಗಿರೋ ಹಾಗೆ ಕಾಣುತ್ತೆ. ಇಂಥ ಸಾಲಿಗೆ ಸೆನ್ಸರ್ಡ್ ಅಂತಾರೆ, ಅಂದ್ರೆ ಘಟನೆ ಆಗೋ ಮೊದ್ಲೇ ನಾವು ನೋಡೋದು ನಿಲ್ಲಿಸಿದ್ವಿ ಅಂತ ಅರ್ಥ. ಪುಟ್ಟಿ 1 ಮೀಟರಲ್ಲಿ ನಿಂತಳು, ಅಳಿಲು ಅಲ್ಲೀವರೆಗೂ ಓಡಿರ್ಲಿಲ್ಲ, ಅಷ್ಟೆ.

ಇದು ಒಂದು ಕಡೆಯ ತಪ್ಪು. ಡಿಲೀಟ್ ಆದ ಸಾಲುಗಳಲ್ಲಿ ಹೆಚ್ಚುಕಮ್ಮಿ ಎಲ್ಲಾ ಲಾಲ್‌ಬಾಗಿನವೇ, ತೋಟದ್ದು ಒಂದೋ ಎರಡೋ. ಅಂದ್ರೆ ಲಾಲ್‌ಬಾಗಿನ ಅತೀ ಧೈರ್ಯದ ಅಳಿಲುಗಳನ್ನೆಲ್ಲಾ ತೆಗೆದು ಬಿಸಾಕಿ ಸ್ವಲ್ಪ ಪುಕ್ಕಲು ಇರೋವನ್ನ ಮಾತ್ರ ಇಟ್ಕೊಂಡು ಸರಾಸರಿ ತೆಗೆದಿದಾಳೆ.

ಇನ್ನೊಂದು ಕಡೆ ತಪ್ಪು ಅವಳದ್ದಲ್ಲ, ಕಣ್ಣಿನದ್ದು. ತೋಟದಲ್ಲಿ ಒಂದು ದಿನ ನಾನೇ ಜತೆಗೆ ಹೋದೆ. ಹೋಗ್ತಿದ್ದ ಹಾಗೇ ಎಲ್ಲೋ ಮುಂದೆ ಚಿಪ್ ಚಿಪ್ ಚಿಪ್ ಅಂತ ಶುರು, ಬಿದ್ದಿರೋ ಸೋಗೆ ಮೇಲೆ ಸರ್ರ್ ಅಂತ ಸದ್ದು, ತಲೆ ಎತ್ತಿದ್ರೆ ಮರದ ಆ ಕಡೆಯಿಂದ ಬಾಲದ ತುದಿ ಮಾತ್ರ ಅಲ್ಲಾಡ್ತಿರುತ್ತೆ. ಅದು ಎಲ್ಲಿ ಕೂತಿತ್ತು, ನಾವು ಎಷ್ಟು ದೂರ ಇದ್ವಿ, ಯಾವ್ದೂ ಗೊತ್ತಿಲ್ಲ. ನಮಗೆ ಕಾಣೋ ಮೊದ್ಲೇ ಓಡಿದ ಅಳಿಲಿಗೆ ಕಪ್ಪು ಪಾನು ಬೀಳಿಸೋಕೆ ಆಗಲ್ಲ, ಹಾಗಾಗಿ ತೋಟದ ಅತೀ ಪುಕ್ಕಲು ಅಳಿಲುಗಳು ಶೀಟಿಗೆ ಬರೋದೇ ಇಲ್ಲ. ಬಂದಿರೋದೆಲ್ಲಾ ನಾವು ನೋಡೋವರೆಗೂ ಕೂತಿದ್ದ ಭಂಡ ಅಳಿಲುಗಳು. ಈಗ ಎರಡನ್ನೂ ಜೋಡಿಸಿ ನೋಡಿ, ಒಂದು ಕಡೆ ಧೈರ್ಯಸ್ಥರು ಹೋದ್ರು, ಇನ್ನೊಂದು ಕಡೆ ಪುಕ್ಕಲು ಹೋದ್ರು, ಎರಡು ಗುಂಪಿನ ಸರಾಸರಿಗಳೂ ಒಂದರ ಕಡೆಗೆ ಒಂದು ಸರಿದವು. ವ್ಯತ್ಯಾಸ ಯಾಕೆ ಬರ್ತಿಲ್ಲ ಅಂದ್ರೆ ಇದಕ್ಕೇ. ಎರಡು ಸರಾಸರಿ ಹೋಲಿಸೋ ಟಿ ಟೆಸ್ಟಿಗೆ ಯಾಕೆ ಬಯ್ಯೋದು, ಕೊಟ್ಟಿದ್ದನ್ನ ಅದು ಲೆಕ್ಕ ಹಾಕಿದೆ.

ಇದ್ರ ಮೇಲೆ ಶುರು ದೂರದ ತಲೆನೋವು. ಹಕ್ಕಿಗಳ ಮೇಲೆ ಬ್ಲಮ್‌ಸ್ಟೈನ್ 2003ರಲ್ಲಿ ತೋರಿಸಿದ್ದು, ನೀವು ದೂರದಿಂದ ನಡೆಯೋಕೆ ಶುರು ಮಾಡಿದಷ್ಟೂ ಹಕ್ಕಿ ದೂರದಲ್ಲೇ ಹಾರುತ್ತೆ ಅಂತ. ಪುಟ್ಟಿ ಶೀಟಲ್ಲೂ ಹಾಗೇ ಬಂದಿತ್ತು, ಶುರು ದೂರ ಜಾಸ್ತಿ ಆದ ಹಾಗೆ ಓಡೋ ದೂರ ಜಾಸ್ತಿ, ಪಿ ವ್ಯಾಲ್ಯೂ ಫಳಫಳ ಹೊಳೀತಿತ್ತು, ಅದೊಂದೇ ರಿಸಲ್ಟ್ ಅಂತ ಖುಷಿಯಾಗಿದ್ಲು. ಖುಷಿ ಹಾಳು ಮಾಡೋಕೆ ಹತ್ತು ನಿಮಿಷ ಸಾಕಾಯ್ತು. ಬುದ್ಧಿನೇ ಇಲ್ಲದ ಒಂದು ಅಳಿಲು ಇದೆ ಅನ್ಕೊಳ್ಳಿ, ಅದು ಚೀಟಿ ಎತ್ತಿ ಓಡುತ್ತೆ. ಶುರು ದೂರ 5ರಿಂದ 30 ಮೀಟರ್ ಒಳಗೆ ಎಷ್ಟು ಬೇಕಾದ್ರೂ ಇರ್ಲಿ, ಓಡೋ ದೂರ 0ಯಿಂದ ಆ ಶುರು ದೂರದವರೆಗೆ ಎಲ್ಲಿ ಬೇಕಾದ್ರೂ ಬೀಳ್ಲಿ, ಎಲ್ಲಾ ಜಾಗಕ್ಕೂ ಸಮಾನ ಅವಕಾಶ. ಇಂಥ ಹತ್ತು ಸಾವಿರ ಪೆದ್ದ ಅಳಿಲುಗಳನ್ನ ಕಂಪ್ಯೂಟರಲ್ಲಿ ಓಡಿಸಿ ಗೆರೆ ಎಳೆದ್ರೆ ಇಳಿಜಾರು 0.5, ಕೋರಿಲೇಶನ್ (ಎರಡೂ ಎಷ್ಟು ಜತೆಜತೆಗೆ ಏರುತ್ತೆ ಅನ್ನೋ ಅಳತೆ) 0.55ರ ಆಸುಪಾಸು ಬಂದು ಕೂರುತ್ತೆ. ಯೋಚ್ನೆ ಮಾಡೋ ಅಳಿಲು ಒಂದೂ ಇಲ್ಲ ಅಲ್ಲಿ. ಶುರು ಮಾಡಿದ ದೂರಕ್ಕಿಂತ ದೂರದಲ್ಲಿ ಓಡೋಕೆ ಸಾಧ್ಯಾನೇ ಇಲ್ಲ ಅನ್ನೋ ಒಂದೇ ಕಟ್ಟುಪಾಡಿಂದ ಬಂದಿದ್ದು ಅಷ್ಟೂ. ಇದು ಜೀವಶಾಸ್ತ್ರವೋ ಬರೀ ಗಣಿತದ ಆಟವೋ ಅಂತ ಡ್ಯೂಮಾಂಟ್ ಮತ್ತಿತರರು 2012ರಲ್ಲೇ ಕೇಳಿದಾರೆ, ಅದೇ ವರ್ಷ ಇದಕ್ಕೆ ಸರಾಸರಿ ಬದಲು ಅಂಚಿನ ಗೆರೆ ಎಳೆಯೋ ಕ್ವಾಂಟೈಲ್ ರಿಗ್ರೆಶನ್ ಬಳಸಿ ಅಂತ ಶಮಾಯೆ-ಜಾಮ್ ಮತ್ತು ಬ್ಲಮ್‌ಸ್ಟೈನ್ ಬರೆದ್ರು. ಅದೂ ಒಂದು ದಾರಿ. ನಾನು ಹಿಡಿದಿದ್ದು ನಂಗೆ ದಿನಾ ಕೈಗೆ ಸಿಗೋ ದಾರಿ.

ಬೇರೆ ಬ್ಯಾಂಕಲ್ಲಿ ಎರಡು ವರ್ಷ ಕಂತು ಕಟ್ಟಿ ಆಮೇಲೆ ನಮ್ಮ ಬ್ಯಾಂಕಿಗೆ ಸಾಲ ಟ್ರಾನ್ಸ್‌ಫರ್ ಮಾಡ್ಕೊಂಡು ಬರೋರು ಇರ್ತಾರೆ. ಅವರನ್ನ ಮೊದಲ ದಿನದಿಂದ ನೋಡಿದ ಹಾಗೆ ಲೆಕ್ಕಕ್ಕೆ ಹಿಡಿದ್ರೆ ಮೋಸ, ಯಾಕಂದ್ರೆ ಮೊದಲ ಎರಡು ವರ್ಷದಲ್ಲೇ ಕೈ ಎತ್ತಿದೋರು ನಮ್ಮ ಬಾಗಿಲಿಗೆ ಬಂದೇ ಇಲ್ಲ. ಅದಕ್ಕೆ ಅವರನ್ನ ಇಪ್ಪತ್ತೈದನೇ ತಿಂಗಳಿಂದ ಪಟ್ಟಿಗೆ ಸೇರಿಸ್ತೀವಿ, ತಡವಾಗಿ ಬಂದವರು ಅಂತ. ಅಳಿಲೂ ಅದೇ ಕೇಸು! 14 ಮೀಟರಲ್ಲಿ ಕಂಡ ಅಳಿಲು 14 ಮೀಟರಲ್ಲಿ ನಮ್ಮ ಪಟ್ಟಿಗೆ ಸೇರಿದ್ದು, 20 ಮೀಟರಲ್ಲಿ ಅದು ಏನು ಮಾಡ್ತಿತ್ತು ಅನ್ನೋ ಪ್ರಶ್ನೆಗೆ ಅದು ಸಾಕ್ಷಿಯೇ ಅಲ್ಲ.

ಹಾಗಾಗಿ ದೂರವನ್ನ ಗಡಿಯಾರ ಮಾಡ್ಕೊಂಡ್ವಿ. 40 ಮೀಟರ್ ಅಂದ್ರೆ ಸೊನ್ನೆ, ಹತ್ರ ಹೋದ ಹಾಗೆ ಗಡಿಯಾರ ಮುಂದೆ ಹೋಗುತ್ತೆ, ಅಂದ್ರೆ 40ರಿಂದ ದೂರ ಕಳೆದ್ರೆ ಬಂತು. 14 ಮೀಟರಲ್ಲಿ ಶುರು ಮಾಡಿ 3 ಮೀಟರಲ್ಲಿ ಓಡಿದ ಅಳಿಲು 26ಕ್ಕೆ ಒಳಗೆ ಬಂತು 37ಕ್ಕೆ ಓಡ್ತು, ಸ್ಟೇಟಸ್ 1 (ಓಡಿದೆ ಅಂತ). ಬೆಂಚಿನ ಕೆಳಗಿನ ಮಹಾಶಯ 26ಕ್ಕೆ ಬಂದ, 39ಕ್ಕೆ ನಾವು ನಿಂತ್ವಿ, ಸ್ಟೇಟಸ್ 0. ಆರ್ ಸಾಫ್ಟ್‌ವೇರಲ್ಲಿ ಸರ್ವೈವಲ್ ಪ್ಯಾಕೇಜಿಗೆ ಈ ಮೂರು ಕಾಲಮ್ ಕೊಟ್ರೆ ಕಪ್ಲಾನ್ ಮತ್ತು ಮೈಯರ್ 1958ರಲ್ಲಿ ಕೊಟ್ಟ ಮೆಟ್ಟಿಲು ಗೆರೆ ಬರುತ್ತೆ, ಇಷ್ಟು ದೂರದಲ್ಲಿ ಇನ್ನೂ ಓಡದೇ ಉಳಿದಿರೋ ಪಾಲು ಎಷ್ಟು ಅಂತ. ಓಡದ ಸಾಲು, ಶುರು ದೂರದ ಕಟ್ಟುಪಾಡು, ಎರಡಕ್ಕೂ ಒಂದೇ ಏಟು. ಕಾಣೋ ಮೊದ್ಲೇ ಓಡಿದ ಅಳಿಲುಗಳ ಸಮಸ್ಯೆನೂ ಮುಕ್ಕಾಲು ಪಾಲು ಇದ್ರಲ್ಲೇ ಸರಿಹೋಗುತ್ತೆ, ಆದ್ರೆ ಒಂದು ಷರತ್ತು, ನಮಗೆ ಬೇಗ ಕಾಣೋ ಅಳಿಲು ಲೇಟಾಗಿ ಕಾಣೋ ಅಳಿಲು ಇವೆರಡರ ಪುಕ್ಕಲುತನದಲ್ಲಿ ಭೇದ ಇರ್ಬಾರ್ದು. ಅದು ತೋಟದಲ್ಲಿ ಎಷ್ಟು ನಿಜ ಅಂತ ನಂಗೆ ಸ್ವಲ್ಪ ಅನುಮಾನಾನೇ.

ಮೊದಲ ಸಲ ಓಡಿಸಿದಾಗ ತಮಾಷೆ ಆಯ್ತು. ತೋಟದ ಗೆರೆ ಶುರುವಲ್ಲೇ ಧೊಪ್ ಅಂತ ಸೊನ್ನೆಗೆ ಬಿದ್ದು ಕೊನೇವರೆಗೂ ನೆಲಕ್ಕೆ ಅಂಟ್ಕೊಂಡೇ ಇತ್ತು. ತೋಟದ ಅಳಿಲೆಲ್ಲಾ ಇಪ್ಪತ್ತು ಮೀಟರಲ್ಲೇ ಓಡಿಹೋದ ಹಾಗೆ. ನೋಡಿದ್ರೆ 20 ಮೀಟರಿಗಿಂತ ದೂರದಿಂದ ಶುರು ಮಾಡಿದ್ದ ಅಳಿಲು ತೋಟದಲ್ಲಿ ಒಂದೇ ಒಂದು, ಅದು ಅಲ್ಲೇ ಓಡಿಬಿಟ್ಟಿದೆ. ಆ ಗಳಿಗೇಲಿ ಪಟ್ಟಿಯಲ್ಲಿ ಇದ್ದಿದ್ದೇ ಒಂದು, ಓಡಿದ್ದೂ ಒಂದು, ಉಳಿದ ಪಾಲು ಸೊನ್ನೆ, ಈ ಗೆರೆ ಪ್ರತಿ ಮೆಟ್ಟಿಲಲ್ಲೂ ಉಳಿದ ಪಾಲನ್ನ ಗುಣಿಸ್ತಾ ಹೋಗೋದು, ಹಾಗಾಗಿ ಆಮೇಲೆ ಏನನ್ನ ಗುಣಿಸಿದ್ರೂ ಸೊನ್ನೆನೇ. ತಡವಾಗಿ ಸೇರೋರ ಲೆಕ್ಕದಲ್ಲಿ ಇದು ಹಳೇ ಕಾಯಿಲೆ, ನಂಗೆ ಗೊತ್ತಿದ್ದೂ ಮರೆತಿದ್ದೆ. ಪಟ್ಟಿಯಲ್ಲಿ ಎರಡೂ ಕಡೆ ಸಾಕಷ್ಟು ಅಳಿಲು ಸೇರೋ 12 ಮೀಟರಿಂದ ಗೆರೆ ಶುರು ಮಾಡಿದ್ವಿ, ವರದೀಲೂ 12 ಮೀಟರ್‌ವರೆಗೆ ಓಡದೇ ಇದ್ದ ಅಳಿಲುಗಳಿಗೆ ಮಾತ್ರ ಇದು ಅನ್ವಯ ಅಂತ ಬರೆದ್ವಿ.

ಆಮೇಲೆ ಅವಳು ಇನ್ನೊಂದು ಸಲ ಗಾಬರಿಯಾದ್ಲು. ಮೀಡಿಯನ್ ಕೇಳಿದ್ರೆ ತೋಟಕ್ಕೆ ಒಂದು ನಂಬರ್ ಬಂತು, ಲಾಲ್‌ಬಾಗಿಗೆ ಎನ್‌ಎ (ಉತ್ತರ ಇಲ್ಲ) ಅಂತ ಬಂತು. ಮತ್ತೆ ಡೇಟಾ ಹಾಳಾಯ್ತು ಅಂತ ಮುಖ ಸಣ್ಣ ಮಾಡ್ಕೊಂಡ್ಲು. ಹಾಳಾಗಿರ್ಲಿಲ್ಲ. ಅರ್ಧದಷ್ಟು ಅಳಿಲು ಓಡಿರೋ ದೂರವೇ ಮೀಡಿಯನ್, ಲಾಲ್‌ಬಾಗಿನ ಗೆರೆ 1 ಮೀಟರ್‌ವರೆಗೂ ಅರ್ಧಕ್ಕೆ ಇಳಿದೇ ಇಲ್ಲ, ಇನ್ನು ಮೀಡಿಯನ್ ಎಲ್ಲಿಂದ ಬರ್ಬೇಕು. ಅರ್ಧಕ್ಕಿಂತ ಜಾಸ್ತಿ ಅಳಿಲು ಒಂದು ಮೀಟರ್ ಹತ್ರ ಬಂದ ಮನುಷ್ಯನಿಗೂ ಕ್ಯಾರೇ ಅನ್ಲಿಲ್ಲ ಅನ್ನೋದನ್ನ ಆರ್ ಎರಡಕ್ಷರದಲ್ಲಿ ಹೇಳಿದೆ. ಅದೇ ಅವಳ ಪ್ರಾಜೆಕ್ಟಿನ ಮುಖ್ಯ ರಿಸಲ್ಟ್ ಆಯ್ತು, ಟಿ ಟೆಸ್ಟಲ್ಲಿ ಸಿಗದೇ ಇದ್ದ ವ್ಯತ್ಯಾಸ ಗ್ರಾಫಲ್ಲಿ ಬರಿಗಣ್ಣಿಗೆ ಕಾಣ್ತಿತ್ತು.

ಹಾಗಂತ ಯಾವ ಸಾಲನ್ನೂ ತೆಗೀಬಾರ್ದು ಅಂತಲ್ಲ. ತೋಟದಲ್ಲಿ ಕೆಲವು ದಿನ ತಾತನ ನಾಯಿ ಇವಳ ಹಿಂದೇನೇ ಬಂದಿತ್ತು, ಆ ಸಾಲುಗಳನ್ನ ನಾನೇ ತೆಗೆಸಿದೆ. ಲಾಲ್‌ಬಾಗಲ್ಲಿ ಕೆಲವು ಸಲ ಹುಲ್ಲಿಗೆ ಇಳಿಯೋಕೆ ಆಗದೆ ಕಾಲುದಾರಿಯಲ್ಲೇ ನಡೆದಿದ್ಲು, ಅವೂ ಹೋದವು. ನ್ಯೂಯಾರ್ಕಿನ ಬ್ಯಾಟರಿ ಪಾರ್ಕಲ್ಲಿ ಬೇಟ್‌ಮನ್ ಮತ್ತು ಫ್ಲೆಮಿಂಗ್ ಇದನ್ನೇ ನೋಡಿ 2014ರಲ್ಲಿ ಬರ್ದಿದಾರೆ, ದಾರಿ ಬಿಡದೆ ಬೇರೆಲ್ಲೋ ನೋಡ್ಕೊಂಡು ಹೋಗೋ ಮನುಷ್ಯನನ್ನೂ ದಾರಿ ಬಿಟ್ಟು ತನ್ನನ್ನೇ ನೋಡ್ತಾ ಬರೋ ಮನುಷ್ಯನನ್ನೂ ಅಳಿಲು ಬೇರೆ ಬೇರೆ ಥರ ಕಾಣುತ್ತೆ. ನಾನು ಇಟ್ಕೊಂಡಿರೋ ಅಳತೆಗೋಲು ಇಷ್ಟೆ, ನಾವು ನಡೆದ ರೀತಿ ಸರಿ ಇಲ್ಲದಿದ್ರೆ ಸಾಲು ತೆಗೀಬಹುದು, ಅಳಿಲು ನಡ್ಕೊಂಡ ರೀತಿ ನಮಗೆ ಹಿಡಿಸ್ಲಿಲ್ಲ ಅಂತ ತೆಗೆಯೋ ಹಾಗಿಲ್ಲ.

ಒಂದೇ ಅಳಿಲನ್ನ ಎಷ್ಟು ಸಲ ಅಳೆದಿದಾಳೆ ಅನ್ನೋದು ಇನ್ನೊಂದು ಜಗಳ. ನೂರ ಚಿಲ್ಲರೆ ಸಾಲು ಅಂದ್ರೆ ನೂರ ಚಿಲ್ಲರೆ ಅಳಿಲಲ್ಲ. ತೋಟದಲ್ಲಿ ಒಂದು ಮೋಟು ಬಾಲದ್ದಿತ್ತು, ಅದೊಂದೇ ಗುರುತು ಸಿಗ್ತಿದ್ದಿದ್ದು, ಅದು ಒಂದೇ ಐದಾರು ಸಾಲಲ್ಲಿ ಕೂತಿದೆ. ಉಳಿದವೂ ಹಾಗೇ ತಾನೆ, ಗುರುತಿಲ್ಲ ಅಷ್ಟೆ. ಬಣ್ಣ ಹಚ್ಚೋಕೆ ಪರ್ಮಿಷನ್ ಇಲ್ಲ. ಜಾಗವನ್ನ ಸಣ್ಣ ಸಣ್ಣ ತುಂಡು ಮಾಡಿ ಒಂದು ತುಂಡಿನ ಅಳಿಲುಗಳೆಲ್ಲಾ ಒಂದೇ ಮನೆಯವು ಅಂತ ಇಟ್ಕೊಂಡು ಕಾಕ್ಸ್ ಮಾಡೆಲ್ಲಲ್ಲಿ (ಯಾವ ಅಂಶ ಓಡೋ ಸಾಧ್ಯತೆಯನ್ನ ಎಷ್ಟು ಏರಿಸುತ್ತೆ ಅಂತ ಹೇಳೋ ಲೆಕ್ಕ) ಅದನ್ನ ರ‍್ಯಾಂಡಮ್ ಎಫೆಕ್ಟ್ ಆಗಿ ಹಾಕಿದ್ವಿ. ಹಾಕಿದ ಮೇಲೆ ಉತ್ತರ ಎಲ್ಲಿಂದ ಎಲ್ಲೀವರೆಗೆ ಇರ್ಬಹುದು ಅನ್ನೋ ಪಟ್ಟಿ ಚೆನ್ನಾಗಿ ಅಗಲ ಆಯ್ತು, ಆಗ್ಲೇಬೇಕು.

ಮರದ ದೂರದ ವಿಷ್ಯ ಮಾತ್ರ ಕೈಗೆ ಸಿಗ್ಲಿಲ್ಲ. ತಾತ ಸಸಿ ಇಟ್ಟಿದ್ದು ಇಪ್ಪತ್ತೈದು ಅಡಿಗೊಂದು, ಚೌಕಾಕಾರ. ನಾಲ್ಕು ಮರದ ನಟ್ಟನಡುವೆ ಕೂತ್ರೂ ಅಳಿಲಿಗೆ ಮರ ಹದಿನೆಂಟು ಅಡಿಗಿಂತ ದೂರ ಆಗಲ್ಲ, ಐದೂವರೆ ಮೀಟರ್ ಒಳಗೇ. ಲಾಲ್‌ಬಾಗ್ 240 ಎಕರೆ, ಹುಲ್ಲುಹಾಸಿನ ಮಧ್ಯೆ ಕೂತಿರೋ ಅಳಿಲಿಗೆ ಮರ ಹತ್ತು ಹದಿನೈದು ಮೀಟರ್ ಇರೋದು ಮಾಮೂಲಿ. ಮಾಡೆಲ್ಲಿಗೆ ಮರದ ದೂರ ಹಾಕಿದ್ರೆ ಅದು ಸರಿಮಾಡಿದೀನಿ ಅಂತ ನಂಬರ್ ಕೊಡುತ್ತೆ, ಆದ್ರೆ ಐದೂವರೆ ಮೀಟರ್ ಆಚೆ ತೋಟದ ಅಳಿಲೇ ಇಲ್ಲ, ಇಲ್ಲದ ಅಳಿಲಿನ ಪರವಾಗಿ ಮಾಡೆಲ್ಲೇ ಕತೆ ಕಟ್ಟುತ್ತೆ. ನಾವು ಐದು ಮೀಟರ್ ಒಳಗಿನ ಸಾಲುಗಳನ್ನ ಮಾತ್ರ ಇಟ್ಕೊಂಡು ಇನ್ನೊಂದು ಸಲ ಹಾಕಿದ್ವಿ. ಸಾಲು ಕಮ್ಮಿ ಆದವು, ವ್ಯತ್ಯಾಸ ಉಳೀತು. ಮರ ದೂರ ಇದ್ರೆ ಬೇಗ ಓಡುತ್ತೆ ಅನ್ನೋ ಡಿಲ್-ಹೌಟ್‌ಮನ್ ಮಾತು ಲಾಲ್‌ಬಾಗಲ್ಲಿ ಸ್ವಲ್ಪ ಕಂಡಿತು, ತೋಟದಲ್ಲಿ ಕಾಣ್ಲಿಲ್ಲ. ಕಾಣೋಕೆ ಜಾಗ ಎಲ್ಲಿದೆ ಅಲ್ಲಿ.

ವೈವಾದಲ್ಲಿ ಒಂದೇ ಗಟ್ಟಿ ಪ್ರಶ್ನೆ ಬಂತಂತೆ: ಇದು ಜನರ ಓಡಾಟದಿಂದ ಅಂತ ಹೇಗೆ ಹೇಳ್ತೀಯಮ್ಮ? ಹೇಳೋಕಾಗಲ್ಲ ಅಂತಲೇ ಬರ್ದಿದ್ವಿ. ಒಂದು ಪಾರ್ಕು, ಒಂದು ತೋಟ, ಸಾಲು ಎಷ್ಟಿದ್ರೂ ಜಾಗ ಎರಡೇ. ಲಾಲ್‌ಬಾಗಲ್ಲಿ ಜನ ಇದಾರೆ, ಕಡ್ಲೆಬೀಜ ಇದೆ, ತೋಟದಲ್ಲಿ ನಾಯಿ ಇದೆ, ಕಲ್ಲು ಎಸೆಯೋ ತಾತ ಇದಾರೆ, ಇದ್ರಲ್ಲಿ ಯಾವ್ದು ಕಾರಣ ಅಂತ ಹೇಳ್ಬೇಕಾದ್ರೆ ಹತ್ತು ಪಾರ್ಕು ಹತ್ತು ತೋಟ ಬೇಕು. ಅದೂ ಅಲ್ದೆ ಲಾಲ್‌ಬಾಗ್ ಮಾಡಿದ್ದು ನವೆಂಬರ್ ಡಿಸೆಂಬರ್, ತೋಟ ಮಾಡಿದ್ದು ಜನವರಿ ಫೆಬ್ರವರಿ, ಕಾಲೇಜ್ ರಜೆ ಹಾಗಿತ್ತು. ಮುಂದಿನ ಸಲ ಎರಡೂ ಕಡೆ ವಾರ ಬಿಟ್ಟು ವಾರ ಹೋಗ್ಬೇಕು ಅಂತ ಪುಸ್ತಕದ ಕೊನೇ ಹಾಳೇಲಿ ಬರ್ಕೊಂಡಿದಾಳೆ. ಈಗ ಅವಳಿಗೆ ಕೆಲ್ಸ ಸಿಕ್ಕಿದೆ, ಹೈದರಾಬಾದಲ್ಲಿ, ಪುಸ್ತಕ ನಮ್ಮನೇಲೇ ಇದೆ, ಕೇರಂ ಬೋರ್ಡಿನ ರೆಡ್ ಮಾತ್ರ ತೋಟದಲ್ಲೇ ಎಲ್ಲೋ ಉಳೀತು.